ನಾಲ್ಕನೇ ಸಾಲಿನ ಅಳತೆ

ಹೆಣ ಇಡುವ ಗುಣಿಯ ಮುಂದೆ ಪದದ ನಾಲ್ಕನೇ ಸಾಲಿಗೆ ಅಳತೆ ಹಿಡಿಯುವುದು ನನ್ನ ಕೆಲಸ. ನನಗಿಂತ ಮೊದಲು ನಮ್ಮತ್ತೆ ಹಿಡಿಯುತ್ತಿದ್ದರು. ಅವರಿಗಿಂತ ಮೊದಲು ಯಾರು ಹಿಡಿಯುತ್ತಿದ್ದರೋ ನಾನು ಕಂಡಿಲ್ಲ. ಕಾಣದೆ ಹೇಳಲು ಹೋದರೆ ನಮ್ಮ ಊರಿನಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ.

ನಮ್ಮಲ್ಲಿ ಮಾತಿನ ರೀತಿಯೇ ಹಾಗೆ. ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು, ಮೈಮೇಲೆ ಹಾದುಹೋದದ್ದು, ಇವಕ್ಕೆ ದನಿ ಬರುತ್ತದೆ. ಮಿಕ್ಕದ್ದಕ್ಕೆ ತುಟಿ ಅಲ್ಲಾಡುತ್ತದೆ, ಅಷ್ಟೆ. ಪ್ರಶ್ನೆ ಕೇಳುವುದಕ್ಕೆ, ಬೇಡುವುದಕ್ಕೆ, ಬಯ್ಯುವುದಕ್ಕೆ ಅಡ್ಡಿಯಿಲ್ಲ. ಬದನೆಕಾಯಿ ಮಾರುವವಳು ಹುಳವಿಲ್ಲ ಅನ್ನಬೇಕಾದರೆ ಒಂದನ್ನು ಕೊಯ್ದು ನೋಡಿಯೇ ಅನ್ನುತ್ತಾಳೆ. ಶಾಲೆಯಲ್ಲಿ ಚರಿತ್ರೆಯ ಮೇಷ್ಟರು ರಾಜರ ಕಾಳಗಗಳನ್ನೆಲ್ಲ ಹಲಗೆಯ ಮೇಲೆ ಬರೆದು ತೋರಿಸುತ್ತಾರೆ, ಅವರ ಕೋಟಿನ ತೋಳು ಸದಾ ಬೆಳ್ಳಗೆ. ಹೆಣ್ಣು ನೋಡಲು ಬಂದವರಲ್ಲಿ ಯಾರಾದರೂ ಹುಡುಗನ ಗುಣ ಹೊಗಳಿದ್ದು ಕೇಳಿಸದೆ ಹೋದರೆ ಎರಡು ಕಡೆಯವರೂ ಬೇಸರಪಟ್ಟುಕೊಳ್ಳುವುದಿಲ್ಲ. ಇನ್ನೊಂದು ಸುತ್ತು ಕಾಫಿ ತರಿಸುತ್ತಾರೆ. ಪರವೂರಿನ ಸುದ್ದಿಗೆ ಒಂದು ‘ಅಂತೆ’ ಸೇರಿಸಿದರೆ ಹೇಗೋ ಸಾಗುತ್ತದೆ. ಒಟ್ಟಿನಲ್ಲಿ ಇದರೊಳಗೇ ಹುಟ್ಟಿ ಬೆಳೆದವರಿಗೆ ಇದೊಂದು ದೊಡ್ಡ ಸಂಗತಿಯಲ್ಲ.

ನಾನು ಬೆಳೆದದ್ದು ಬಾಯಿಪಾಠದ ಪದಗಳ ನಡುವೆ. ನಮ್ಮಜ್ಜಿಗೆ ಓದು ಬರುತ್ತಿರಲಿಲ್ಲ, ಆದರೆ ಯೇಸುವಿನ ಮೇಲಿನ ಪದಗಳು ನಾಲಿಗೆಯ ತುದಿಯಲ್ಲಿದ್ದವು. ರಾಗಿ ಬೀಸುತ್ತಾ ಹೇಳುತ್ತಿದ್ದಳು, ನಾನು ಜೊತೆಗೆ ಹೇಳುತ್ತಿದ್ದೆ. ಅವಳ ದನಿ ಸಾಲುಸಾಲಾಗಿ ಕೇಳಿಸುತ್ತಿತ್ತು, ನನ್ನದು ಅಲ್ಲಲ್ಲಿ ಮಾತ್ರ. ‘ಸುಮ್ನೆ ಹೇಳ್ಕೊಂಡು ಬಾ ಮಗಾ, ತನ್ನಷ್ಟಕ್ಕೇ ತುಂಬ್ಕೊಳ್ತದೆ’ ಅನ್ನುತ್ತಿದ್ದಳು. ಹಾಗೇ ಆಯಿತು. ಮೊದಲ ಹೆರಿಗೆಯ ಮಾರನೆಯ ದಿನ ಒಂದು ಸಾಲು ಕೇಳಿಸಿತು. ಗಂಡ ತೀರಿಕೊಂಡ ವರ್ಷ ಇನ್ನೊಂದು. ದನಿಯಿಲ್ಲದ ಸಾಲನ್ನು ಬಿಟ್ಟುಬಿಡಬಾರದು, ಹೇಳುತ್ತಲೇ ಇರಬೇಕು ಎಂಬುದನ್ನು ನಾನು ದೇವಾಲಯದಲ್ಲಿ ಕಲಿತದ್ದಲ್ಲ, ಬೀಸುವ ಕಲ್ಲಿನ ಮುಂದೆ ಕಲಿತದ್ದು.

ನಮ್ಮ ಸಭೆಯಲ್ಲಿ ಯಾರನ್ನು ಮಣ್ಣು ಮಾಡುವಾಗಲೂ ಐದು ಸಾಲಿನ ಒಂದು ಪದ ಹೇಳುತ್ತೇವೆ. ಮಣ್ಣಿನ ಪದ ಅಂತಲೇ ಅದರ ಹೆಸರು. ‘ಮಣ್ಣಿನಿಂದ ಬಂದೆವಯ್ಯ, ಮಣ್ಣ ಹೊತ್ತು ನಡೆದೆವು’ ಎಂಬ ಮೊದಲನೆಯ ಸಾಲು ಎಲ್ಲರ ಬಾಯಲ್ಲೂ ಕೇಳಿಸುತ್ತದೆ, ಮಕ್ಕಳದ್ದೂ ಕೂಡ. ‘ಅತ್ತ ಕಣ್ಣ ನೀನೊರೆಸಿದೆ, ಹಸಿದ ಹೊಟ್ಟೆ ಅರಿತೆ ನೀ’ ಅನ್ನುವಾಗ ದನಿ ಅರ್ಧಕ್ಕಿಳಿಯುತ್ತದೆ. ‘ನನ್ನ ಭಾರ ನೀನು ಹೊತ್ತೆ, ನಾನು ಹಗುರವಾದೆನು’ ಎಂಬ ಮೂರನೆಯದಕ್ಕೆ ಅಲ್ಲೊಂದು ಇಲ್ಲೊಂದು ದನಿ. ಆಗ ಯಾರೂ ತಿರುಗಿ ನೋಡುವುದಿಲ್ಲ, ಅದು ಮರ್ಯಾದೆಯಲ್ಲ. ಆಮೇಲೆ ನಾಲ್ಕನೆಯದು, ‘ಮಲಗಿದವರು ಏಳುವರು, ನಿನ್ನ ಮುಖವ ಕಾಣುವರು.’ ಆ ಸಾಲಿಗೆ ನಮ್ಮೂರಿನಲ್ಲಿ ಯಾರಿಗೂ ದನಿ ಬಂದದ್ದನ್ನು ನಾನು ಕೇಳಿಲ್ಲ. ಅಷ್ಟೂ ಜನ ತುಟಿ ಆಡಿಸುತ್ತಾ ನಿಂತಿರುತ್ತಾರೆ, ಗೋಣಿಮರದ ಮೇಲಿನ ಕಾಗೆಯ ಸದ್ದು ಮಾತ್ರ ಕೇಳಿಸುತ್ತದೆ. ದನಿಯಿಲ್ಲದೆ ಹೇಳುವಾಗ ಒಬ್ಬರು ಬೇಗ ಮುಗಿಸುತ್ತಾರೆ, ಒಬ್ಬರು ನಿಧಾನ. ಐದನೆಯ ಸಾಲನ್ನು ಒಟ್ಟಿಗೆ ಎತ್ತಿಕೊಳ್ಳಬೇಕಾದರೆ ಯಾರಾದರೂ ಅಳತೆ ಹಿಡಿಯಬೇಕು. ಅದಕ್ಕೇ ನಾನು ಹೆಣದ ಪೆಟ್ಟಿಗೆಯ ತಲೆಯ ಕಡೆ ನಿಂತು, ಆ ಸಾಲಿನ ಉದ್ದಕ್ಕೂ ಅಂಗೈಯಿಂದ ಮುಚ್ಚಳ ತಟ್ಟುತ್ತೇನೆ. ತಟ್ಟುವುದು ನಿಂತಾಗ ಮುಂದಿನ ಸಾಲು.

ದೇವಾಲಯದ ಎದುರಿಗೇ ಜಯವಂತನ ಗೋಲಿ ಸೋಡಾ ಅಂಗಡಿ. ಆರಾಧನೆ ಮುಗಿದರೆ ಅರ್ಧ ಸಭೆ ಅಲ್ಲೇ ನಿಂತಿರುತ್ತದೆ. ಅವನೂ ನಮ್ಮ ಸಭೆಯಲ್ಲೇ ಹುಟ್ಟಿದವನು. ಮದುವೆಯಾದ ಹೊಸತರಲ್ಲಿ ಅವನ ಕೂಸು, ಇನ್ನೂ ಹೆಸರಿಡದ ಹೆಣ್ಣುಮಗು, ಜ್ವರದಲ್ಲಿ ಹೋಯಿತು. ಅಂದು ನಮ್ಮತ್ತೆ ಅಳತೆ ಹಿಡಿದಿದ್ದರು. ನಾಲ್ಕನೆಯ ಸಾಲು ಮುಗಿಯುವವರೆಗೆ ಅವನು ಒಬ್ಬೊಬ್ಬರ ಬಾಯನ್ನೂ ನೋಡುತ್ತಾ ನಿಂತಿದ್ದ. ಮುಂದಿನ ಭಾನುವಾರದಿಂದ ಒಳಕ್ಕೆ ಬರಲಿಲ್ಲ. ಅವನ ಹೆಂಡತಿ ದೀನಮ್ಮ ಮಾತ್ರ ಬರುತ್ತಿದ್ದಳು, ನನ್ನ ಪಕ್ಕದಲ್ಲೇ ಕೂರುತ್ತಿದ್ದಳು.

ಜಯವಂತನಿಗೆ ವಾದದ ಚಟ. ಆದರೆ ದೇವರಿಲ್ಲ ಅಂದರೆ ಅವನಿಗೂ ದನಿ ಬರುತ್ತಿರಲಿಲ್ಲ. ಹಾಗಾಗಿ ಬರೀ ಪ್ರಶ್ನೆಗಳನ್ನೇ ಹರಿತ ಮಾಡಿಕೊಂಡಿದ್ದ. ಸೋಡಾ ಬಾಟಲಿಯ ಗೋಲಿಯನ್ನು ಹೆಬ್ಬೆರಳಲ್ಲಿ ಒತ್ತಿ, ಅದು ಕುಯ್ಯೆಂದ ಕೂಡಲೇ ಒಂದು ಪ್ರಶ್ನೆ ಎಸೆಯುತ್ತಿದ್ದ.

ಇಂಥ ಊರಿಗೆ ತಿಮೊಥಿ ಅಯ್ಯನವರು ಸಭಾಪಾಲಕರಾಗಿ ಬಂದರು. ಚಿಕ್ಕ ವಯಸ್ಸು, ಹೊರಗಿನವರು, ದೊಡ್ಡ ಪಟ್ಟಣದಲ್ಲಿ ದೇವಶಾಸ್ತ್ರ ಓದಿದವರು. ನಮ್ಮೂರಿನ ಮಾತಿನ ರೀತಿಯನ್ನು ಅವರಿಗೆ ಮೊದಲೇ ತಿಳಿಸಿದ್ದರೂ ಅವರು ನಂಬಿದಂತಿರಲಿಲ್ಲ. ಮೊದಲ ಭಾನುವಾರವೇ ಕರ್ತನಾದ ಯೇಸು ಸತ್ತು ಎದ್ದು ಸಮಾಧಿ ಬರಿದಾದದ್ದಕ್ಕೆ ಏನೇನು ಪುರಾವೆಗಳಿವೆ ಎಂದು ಬಹಳ ಹೊತ್ತು ಬೋಧಿಸಿದರು. ಕೈ ಎತ್ತಿದರು, ಇಳಿಸಿದರು, ಬೆವರಿದರು. ನಡುವೆ ಒಂದು ಸಲ ಮಾತ್ರ, ಬಸ್ಸಿನಲ್ಲಿ ಬರುವಾಗ ತಮಗೆ ವಾಂತಿಯಾದದ್ದು, ಪಕ್ಕದ ಸೀಟಿನ ಅಜ್ಜಿ ನಿಂಬೆಹಣ್ಣು ಮೂಸಲು ಕೊಟ್ಟದ್ದು ಸ್ಪಷ್ಟವಾಗಿ ಕೇಳಿಸಿತು. ಹೊರಗೆ ಬರುವಾಗ ಹಿರಿಯರಲ್ಲೊಬ್ಬರಾದ ಬೆಂಜಮಿನಪ್ಪನವರು ಕೈಮುಗಿದು, ‘ನಿಂಬೆಹಣ್ಣಿನ ಪ್ರಸಂಗ ಮನಸ್ಸಿಗೆ ಬಂತು ಅಯ್ಯನೋರೇ’ ಅಂದರು. ಅವರು ಕುಹಕವಾಡುವವರಲ್ಲ.

ಅಯ್ಯನವರು ನೇರ ಸೋಡಾ ಅಂಗಡಿಗೆ ಬಂದರು. ಗಂಟಲು ಒಣಗಿತ್ತು.

‘ಏನಯ್ಯನೋರೇ, ಸಮಾಧಿ ಖಾಲಿ ಆಯ್ತಾ?’ ಎಂದು ಜಯವಂತ ಕೇಳಿದ.

ಅಯ್ಯನವರ ತುಟಿ ಆಡಿತು.

‘ಏನಂದ್ರಿ? ಈ ಕಿವಿ ಸ್ವಲ್ಪ ಮಂದ.’

‘ಹಂಗಾದ್ರೆ ನೀವು ಆಗಿಲ್ಲ ಅಂತ ಹೇಳಿ ನೋಡೋಣ’ ಎಂದರು ಅಯ್ಯನವರು.

ಜಯವಂತನ ಬಾಯಿಯೂ ಆಡಿತು. ಏನೂ ಕೇಳಿಸಲಿಲ್ಲ. ಸುತ್ತ ನಿಂತವರು ನಕ್ಕರು. ಒಳಗೆ ಬಾಟಲಿ ತೊಳೆಯುತ್ತಿದ್ದ ದೀನಮ್ಮ, ‘ಇಬ್ರೂ ಸುಮ್ನೆ ಸೋಡಾ ಕುಡೀರಿ. ಅದಕ್ಕಾದ್ರೂ ಸದ್ದಿದೆ’ ಅಂದಳು.

ಅಯ್ಯನವರು ಒಳ್ಳೆಯವರೇ. ರೋಗಿಗಳ ಮನೆಗೆ ಕರೆಯದಿದ್ದರೂ ಹೋಗುತ್ತಿದ್ದರು. ಬೋಧನೆಗೆ ಒಂದು ಕಪ್ಪು ಹಲಗೆ ಹಾಕಿಸೋಣ ಅಂದರು. ಹಿರಿಯರು, ಅದು ಇಸ್ಕೂಲಾಗ್ತದೆ ಬೇಡ ಅಂದರು. ಆದರೆ ಅವರಿಗೆ ನಿಜವಾಗಿ ನೋವಾದದ್ದು ಮಣ್ಣಿನ ಪದದಿಂದ. ಪರವೂರಿನ ನೆಂಟರು ಬಂದಿದ್ದ ಒಂದು ಸಾವಿನಲ್ಲಿ, ನಾಲ್ಕನೆಯ ಸಾಲಿಗೆ ಎಲ್ಲರೂ ಬಾಯಿ ಆಡಿಸುತ್ತಾ ನಿಂತಾಗ, ಯಾರೋ ಇಬ್ಬರು ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆ ಭಾನುವಾರ ಜಯವಂತ ಗೋಲಿ ಒತ್ತಿ, ‘ನೀವು ಅಷ್ಟೊಂದು ಜನ ಸೇರಿ ಒಂದು ಸಾಲು ಹೇಳಕ್ಕಾಗಲ್ವಲ್ಲ, ಅದೇ ಸಾಲಲ್ವಾ ನಿಮ್ಮ ಬಂಡವಾಳ?’ ಎಂದು ಕೇಳಿದ. ಅಯ್ಯನವರು ಸೋಡಾ ಅರ್ಧಕ್ಕೇ ಬಿಟ್ಟು ಹೋದರು.

ಆ ವಾರ ಹಿರಿಯರನ್ನು ಕರೆಸಿ, ನನ್ನನ್ನೂ ಕರೆಸಿ, ಆ ಸಾಲನ್ನು ಬಿಟ್ಟು ಮೂರರಿಂದ ಐದಕ್ಕೆ ಹೋಗೋಣ ಅಂದರು. ‘ನಂಬಿಕೆ ಇಲ್ಲದವರ ಮುಂದೆ ನಮ್ಮ ಬಾಯಿಂದಲೇ ನಾವು ಸೋತ ಹಾಗೆ ಕಾಣ್ತದೆ. ನಾನು ಆ ಸಾಲನ್ನ ನಂಬಲ್ಲ ಅಂತಲ್ಲ. ನಂಬ್ತೀನಿ ಅಂತಲೇ ಅದು ನಗೆಪಾಟಲಾಗೋದು ಬೇಡ.’

‘ಒಂದು ಅಂತೆ ಸೇರಿಸಿದ್ರೆ ಕೇಳಿಸ್ತದಲ್ಲ’ ಎಂದು ಒಬ್ಬರು ಅಂದರು.

‘ಗುಣಿ ಮುಂದೆ ನಿಂತ್ಕೊಂಡು ಸಂತೆ ಸುದ್ದಿ ಹೇಳೋದಾ?’ ಎಂದರು ಬೆಂಜಮಿನಪ್ಪನವರು. ಕೊನೆಗೆ ಅಯ್ಯನವರು ನನ್ನ ಕಡೆ ತಿರುಗಿ, ‘ತಬಿತಕ್ಕ, ಇನ್ನು ಅಳತೆ ಹಿಡಿಯೋದು ಬೇಡ’ ಅಂದರು. ನಾನು, ‘ಆಯ್ತು ಅಯ್ಯನೋರೇ’ ಅಂದೆ. ಅವರಿಗೆ ಎದುರಾಡಿ ನನಗೆ ಅಭ್ಯಾಸವಿಲ್ಲ.

ಆ ಮಳೆಗಾಲದಲ್ಲಿ ದೀನಮ್ಮನ ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತು. ಕಾಲು ಬಾತವು, ಮುಖ ಸಣ್ಣಗಾಯಿತು. ಆಸ್ಪತ್ರೆಯವರು ಎರಡು ಸಲ ನೀರು ತೆಗೆದು ಮನೆಗೆ ಕಳಿಸಿದರು. ಮಧ್ಯಾಹ್ನ ಊಟವಾದ ಮೇಲೆ ನಾನು ಹೋಗಿ ಅವಳ ಬಳಿ ಕೂರುತ್ತಿದ್ದೆ. ಅಂಗಡಿಗೂ ಮನೆಗೂ ನಡುವೆ ಒಂದು ಬಟ್ಟೆಯ ಪರದೆ. ಆಚೆ ಜಯವಂತ ಬಾಟಲಿ ತೊಳೆಯುವ ಸದ್ದು.

ಒಂದು ದಿನ ಅವಳು, ‘ನಾಲ್ಕನೇ ಸಾಲು ತೆಗೆದ್ರಂತೆ, ಹೌದಾ?’ ಅಂದಳು.

‘ತೆಗೆದ್ರು.’

‘ನಂಗೆ ಮಾತ್ರ ಬಿಡಬಾರದು ಕಣೆ ತಬಿತಾ. ಪೂರ್ತಿ ಹೇಳಿಸ್ಬೇಕು. ನೀನೇ ಅಳತೆ ಹಿಡೀಬೇಕು.’

‘ಅಯ್ಯನೋರು ಬೇಡ ಅಂದಿದಾರೆ ದೀನಾ.’

‘ಅಯ್ಯನೋರು ನನ್ನ ಜಾಗದಲ್ಲಿ ಮಲಗ್ತಾರಾ?’ ಎಂದು ಅವಳು ನಕ್ಕಳು. ನಗು ಕೆಮ್ಮಾಯಿತು. ನೀರು ಕುಡಿಸಿದೆ. ಸುಧಾರಿಸಿಕೊಂಡು, ‘ಊಟಕ್ಕೆ ಬರ್ತೀನಿ ಅಂದವರು ಹೊತ್ತಾದ್ರೂ ಬರ್ಲಿಲ್ಲ ಅಂತ ಇಟ್ಕೊ. ಅವರ ಎಲೆ ಎತ್ತಿಬಿಡ್ತೀಯಾ? ಎತ್ತಿದ್ರೆ ಆಮೇಲೆ ಬಂದವರು ಎಲ್ಲಿ ಕೂರ್ಬೇಕು? ದನಿ ಬರ್ದಿದ್ರೆ ಬರ್ದೆ ಹೋಗ್ಲಿ, ಜಾಗ ಇರ್ಬೇಕು’ ಅಂದಳು.

ನಾನು ಅವಳ ಕೈ ಹಿಡಿದು ಮಾತು ಕೊಟ್ಟೆ. ಪರದೆಯ ಆಚೆ ಬಾಟಲಿಗಳ ಸದ್ದು ನಿಂತಿತ್ತು.

ಅವಳು ಹೋದದ್ದು ಒಂದು ಬೆಳಿಗ್ಗೆ, ಗಂಜಿ ಆರುವುದರೊಳಗೆ. ನಾನೇ ಮೀಸಿ ಬಿಳಿ ಸೀರೆ ಉಡಿಸಿದೆ. ಪೆಟ್ಟಿಗೆ ಬರುವುದನ್ನು ಕಾಯುತ್ತಾ ಜಯವಂತ ಸೋಡಾ ಕ್ರೇಟುಗಳ ಮೇಲೆ ಕೂತಿದ್ದ. ನನ್ನನ್ನು ಕರೆದ.

‘ಅಕ್ಕ, ಪದ ಹೇಳಿ. ಅವಳಿಗೆ ಇಷ್ಟ. ನಾನು ಬೇಡ ಅನ್ನಲ್ಲ. ಆದ್ರೆ ಆ ಖಾಲಿ ಸಾಲು ಬೇಡ.’

‘ಅವಳು ನನ್ನ ಹತ್ರ ಮಾತು ಈಸ್ಕೊಂಡಿದಾಳೆ ಜಯವಂತ.’

‘ಗೊತ್ತು. ಕೇಳಿಸ್ಕೊಂಡೆ.’ ಅವನು ಎರಡೂ ಅಂಗೈಯನ್ನು ಮಂಡಿಗೆ ಉಜ್ಜಿದ. ‘ಪಾಪೂನ ಇಟ್ಟಾಗ ನೋಡಿದೀನಿ. ಊರಿಗೂರೇ ಮೀನಿನ ಹಂಗೆ ಬಾಯಿ ಬಿಡೋದು. ಅವಳ ಮೇಲೂ ಅದನ್ನ ಮಾಡ್ಬೇಡಿ. ನಂಗೆ ನೋಡಕ್ಕಾಗಲ್ಲ. ಅವಳಿಗೇನು, ಅವಳಿಗೆ ಈಗ ಕೇಳಿಸ್ತದಾ?’

ನಾನು ಕೇಳಿಸುತ್ತದೆ ಅಂದೆ. ಆ ಮಾತು ಅವನಿಗೂ ಕೇಳಿಸಲಿಲ್ಲ, ನನಗೂ ಕೇಳಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಅಯ್ಯನವರು ಬಂದರು. ಪದದಲ್ಲಿ ನಾಲ್ಕನೆಯ ಸಾಲಿರುವುದಿಲ್ಲ ಎಂದು ಅವರು ಮೆಲ್ಲಗೆ ಹೇಳಿದಾಗ ಜಯವಂತ ತಲೆಯಾಡಿಸಿದ. ನಾನು ಕಂಡಂತೆ ಅವರಿಬ್ಬರೂ ಒಂದು ವಿಷಯಕ್ಕೆ ಒಪ್ಪಿದ್ದು ಅದೇ ಮೊದಲು. ಸಭೆ ಬೇಡವೆಂದಿತ್ತು, ಗಂಡ ಬೇಡವೆಂದಿದ್ದ, ಬೇಕೆಂದವಳು ಮಲಗಿದ್ದಳು. ಅವಳ ಕಡೆಯಿಂದ ಮಾತಾಡಲು ಉಳಿದಿದ್ದವಳು ನಾನೊಬ್ಬಳೇ. ನನಗೋ ಗುಂಪಿನಲ್ಲಿ ಬಾಯಿ ಬರುವುದಿಲ್ಲ.

ಸಮಾಧಿ ತೋಟದಲ್ಲಿ ಮಳೆ ಬಿಟ್ಟಿತ್ತು. ಗುಣಿಯ ಅಡ್ಡಕ್ಕೆ ಹಲಗೆಗಳನ್ನಿಟ್ಟು ಪೆಟ್ಟಿಗೆಯನ್ನು ಅದರ ಮೇಲೆ ಕೂರಿಸಿದ್ದರು, ಕೆಳಗೆ ಹಗ್ಗ ಹಾಯಿಸಿತ್ತು. ನಾನು ಎಂದಿನಂತೆ ತಲೆಯ ಕಡೆ ನಿಂತೆ. ಕಾಲಿನ ಕಡೆ ಜಯವಂತ. ಅಯ್ಯನವರು ಪ್ರಾರ್ಥನೆ ಮಾಡಿ, ಪದ ಎತ್ತಿಕೊಳ್ಳಲು ನನಗೆ ಸನ್ನೆ ಮಾಡಿದರು.

ಮೊದಲನೆಯ ಸಾಲು ತೋಟದ ಗೋಡೆ ದಾಟಿ ಹೋಯಿತು. ಎರಡನೆಯದಕ್ಕೂ ಬಹಳ ದನಿಗಳಿದ್ದವು. ಮೂರನೆಯದಕ್ಕೆ ಬೆಂಜಮಿನಪ್ಪನವರದು, ನನ್ನದು, ಹಿಂದೆ ನಿಂತವರಲ್ಲಿ ಇನ್ಯಾರದೋ. ಆಮೇಲೆ ನನ್ನ ಕೈ ತಾನಾಗಿ ಪೆಟ್ಟಿಗೆಯ ಮೇಲಕ್ಕೆ ಹೋಯಿತು. ಅಯ್ಯನವರು ನೋಡಿದರು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಸೆರಗಿನ ಒಳಗೆ, ಯಾರಿಗೂ ಕಾಣದ ಹಾಗೆ, ನನ್ನ ತೊಡೆಯ ಮೇಲೇ ಅಳತೆ ಹಿಡಿದೆ. ದೀನಮ್ಮನಿಗೆ ಕೊಟ್ಟ ಮಾತನ್ನು ಅಷ್ಟಕ್ಕೆ ಇಳಿಸಿಕೊಂಡಿದ್ದೆ.

ಆಗ ಆದದ್ದು ನಮ್ಮೂರಿನಲ್ಲಿ ಮಾತ್ರ ಆಗಬಹುದಾದ ಎಡವಟ್ಟು. ಅಯ್ಯನವರು ನಾಲ್ಕನೆಯದನ್ನು ಬಿಟ್ಟು ಐದನೆಯ ಸಾಲನ್ನು ಎತ್ತಿಕೊಂಡರು. ಆ ಸಾಲು, ‘ದೀಪ ಹಿಡಿದು ಬಾಗಿಲಲ್ಲಿ ನಿನ್ನ ದಾರಿ ಕಾದೆನು’ ಎಂದು. ಅವರಿನ್ನೂ ಚಿಕ್ಕವರು, ಹಾಗೆ ಯಾರಿಗಾಗಿಯೂ ಕಾದವರಲ್ಲ. ಅವರಿಗೆ ದನಿ ಬರಲಿಲ್ಲ. ಅವರ ತುಟಿ ಆಡುವುದನ್ನು ನೋಡಿದ ಜನ, ಅಯ್ಯನವರು ಮನಸ್ಸು ಬದಲಾಯಿಸಿ ನಾಲ್ಕನೆಯದನ್ನೇ ಹೇಳುತ್ತಿದ್ದಾರೆ ಅಂದುಕೊಂಡು ತಾವೂ ಹಳೆಯ ವಾಡಿಕೆಯಂತೆ ತುಟಿ ಆಡಿಸತೊಡಗಿದರು. ಅಷ್ಟರಲ್ಲಿ ಅಯ್ಯನವರದು ಮುಗಿಯಿತು. ಅವರು ಪುಸ್ತಕ ಮುಚ್ಚಿ, ಹಗ್ಗ ಹಿಡಿದವರಿಗೆ ಇಳಿಸಿ ಎಂದು ಕೈ ಮಾಡಿದರು. ಹಗ್ಗ ಬಿಗಿಯಿತು. ಒಬ್ಬ ಬಗ್ಗಿ ಅಡ್ಡ ಹಲಗೆಯೊಂದನ್ನು ಎಳೆದ. ಪೆಟ್ಟಿಗೆ ಒಂದು ಕಡೆಗೆ ವಾಲಿತು. ಜನರ ಬಾಯಿ ಇನ್ನೂ ಸಾಲಿನ ನಡುವಿನಲ್ಲೇ ಇತ್ತು.

‘ತಡೀರಿ.’

ಹೇಳಿದವನು ಜಯವಂತ.

‘ಇನ್ನೂ ಆಗಿಲ್ಲ’ ಅಂದ. ಗಟ್ಟಿಯಾಗೇನೂ ಅನ್ನಲಿಲ್ಲ. ಹಗ್ಗ ಹಿಡಿದವರು ಅಯ್ಯನವರ ಮುಖ ನೋಡಿದರು, ಅಯ್ಯನವರು ನನ್ನ ಮುಖ ನೋಡಿದರು. ಹಗ್ಗದವರು ಹಲಗೆಯನ್ನು ತಿರುಗಿ ಒಳಕ್ಕೆ ತಳ್ಳಿದರು. ಜಯವಂತ ಕೆಸರಿನಲ್ಲೇ ಮಂಡಿಯೂರಿ, ವಾಲಿದ ಪೆಟ್ಟಿಗೆಯನ್ನು ಸರಿಮಾಡಿ, ಕಾಲಿನ ಕಡೆಯಿಂದಲೇ ಮುಚ್ಚಳದ ಮೇಲೆ ಅಂಗೈಯಿಟ್ಟ. ತಟ್ಟಲು ಶುರುಮಾಡಿದ.

ಸಾಲಿನ ಮೊದಲಿನಿಂದ ತಟ್ಟಿದ. ನಾನು ಹಿಡಿಯುವ ಅಳತೆಯೇ, ಆದರೆ ಒಂದಿಷ್ಟು ನಿಧಾನ. ‘ಏಳುವರು’ ಎಂಬಲ್ಲಿ ನಾನು ಉಸಿರು ತೆಗೆದುಕೊಳ್ಳುವುದಿಲ್ಲ, ಅವನು ಅಲ್ಲಿ ಒಂದು ಉಸಿರಿನಷ್ಟು ಬಿಟ್ಟ. ದೀನಮ್ಮ ಮಾತ್ರ ಹಾಗೆ ಬಿಡುತ್ತಿದ್ದಳು. ಎಷ್ಟೋ ಸಲ ಗುಣಿಯ ಮುಂದೆ ಅವಳ ಪಕ್ಕದಲ್ಲಿ ನಿಂತವಳಾದ್ದರಿಂದ ನನಗದು ಗೊತ್ತು. ಇವನಿಗೆ ಹೇಗೆ ಗೊತ್ತಾಯಿತೆಂದು ಆಗ ಹೊಳೆಯಲಿಲ್ಲ. ಜನ ಆ ಅಳತೆಗೆ ಸೇರಿಕೊಂಡರು. ಜಯವಂತ ಮಾತ್ರ ತುಟಿ ಅಲುಗಿಸಲಿಲ್ಲ. ನಾನು ಸೆರಗಿನಿಂದ ಕೈ ಹೊರಗೆ ತೆಗೆದು ತಲೆಯ ಕಡೆಯಿಂದ ಅವನ ಜೊತೆ ತಟ್ಟಿದೆ. ಅಯ್ಯನವರ ಕಡೆ ನೋಡಲಿಲ್ಲ.

ಅಳತೆ ಮುಗಿದಲ್ಲಿ ಅವನ ಕೈ ನಿಂತಿತು. ನಾವು ಐದನೆಯ ಸಾಲನ್ನು ಎತ್ತಿಕೊಳ್ಳಬೇಕಿತ್ತು. ಯಾರೂ ಎತ್ತಿಕೊಳ್ಳಲಿಲ್ಲ. ಅವನು ಪೆಟ್ಟಿಗೆಯ ಕಡೆ ಕಿವಿ ಕೊಟ್ಟು ಕೂತಿದ್ದ. ಆ ಹೊತ್ತು ಎಷ್ಟಿತ್ತೋ, ಅದಕ್ಕೆ ನಾನು ಅಳತೆ ಹಿಡಿಯಲಿಲ್ಲ. ಆಮೇಲೆ ಎತ್ತಿಕೊಳ್ಳುವುದು ನನ್ನ ಕೆಲಸವೆಂದು ನೆನಪಾಗಿ ‘ದೀಪ ಹಿಡಿದು’ ಅಂದೆ. ದನಿ ಬಂತು. ಉಳಿದವರು ಸೇರಿದರು.

ಪದ ಮುಗಿದ ಮೇಲೆ ಅಯ್ಯನವರು ಅವನ ಬಳಿಗೆ ಹೋಗಿ ತೋಳು ಹಿಡಿದೆಬ್ಬಿಸಿದರು. ಮುಖ ಕೆಂಪಾಗಿತ್ತು. ‘ಜಯವಂತಣ್ಣ, ನೀವು ಆ ಸಾಲನ್ನ ನಂಬ್ತೀರಾ?’ ಎಂದು ಕೇಳಿದರು. ಅದರಲ್ಲಿ ವಾದವಿರಲಿಲ್ಲ.

‘ನಂಗೊತ್ತಿಲ್ಲ ಅಯ್ಯನೋರೇ’ ಅಂದ ಜಯವಂತ. ಮಂಡಿಯ ಕೆಸರನ್ನು ಒರೆಸಿಕೊಳ್ಳಲಿಲ್ಲ. ‘ಪಾಪು ಹೋದಾಗಿಂದ ಇವಳು ಈ ಪದಾನ ದಿನಾ ಸಂಜೆ ಬಾಟ್ಲಿ ತೊಳೀತಾ ಹೇಳ್ತಿದ್ಲು. ಬೇಡ ಅಂದ್ರೂ ಕೇಳ್ತಿರ್ಲಿಲ್ಲ. ನಾನು ಅಂಗಡೀಲಿ ಕೂತಿರ್ತಿದ್ದೆ. ಈ ಸಾಲಿಗೆ ಬಂದಾಗ ದನಿ ಮುಳುಗಿ ಹೋಗ್ತಿತ್ತು, ಬಾಟ್ಲಿ ಉಜ್ಜೋ ಸದ್ದೇ ಅಳತೆ ಹಿಡೀತಿತ್ತು, ನಡುವೆ ಒಂದು ಉಸಿರು ನಿಲ್ತಿತ್ತು. ಆಮೇಲೆ ಐದನೇದಕ್ಕೆ ಆ ಕಡೆಯಿಂದ ಎದ್ದು ಬರ್ತಿತ್ತು. ಒಂದು ದಿನಾನೂ ಬರ್ದೆ ಇರ್ಲಿಲ್ಲ. ಮುಂದಿಂದು ನಂಗೊತ್ತಿಲ್ಲ. ಇದನ್ನ ಮಾತ್ರ ನಾನು ಕೇಳಿದೀನಿ.’

ಅವನು ಮೆಲ್ಲಗೆ ಮಾತಾಡಿದ್ದ. ಆದರೂ ಗೇಟಿನ ಹತ್ತಿರ ಛತ್ರಿ ಹಿಡಿದು ನಿಂತಿದ್ದವರಿಗೂ ಒಂದೊಂದು ಅಕ್ಷರ ಕೇಳಿಸಿತು.

ಅಯ್ಯನವರು ಬಗ್ಗಿ ಒಂದು ಹಿಡಿ ಒದ್ದೆ ಮಣ್ಣು ತೆಗೆದು ಅವನ ಕೈಗಿಟ್ಟರು. ಹಗ್ಗ ಇಳಿಯಿತು. ಜಯವಂತ ಆ ಮಣ್ಣನ್ನು ಹಿಡಿದುಕೊಂಡು ಗುಣಿಯ ಅಂಚಿನಲ್ಲಿ ನಿಂತೇ ಇದ್ದ. ಬೇಗ ಹಾಕು ಎಂದು ಯಾರೂ ಅನ್ನಲಿಲ್ಲ.